ಆಫೀಸಿನ ಕಾರ್ಯಕ್ರಮಗಳಲ್ಲಿ ಇನ್ನು ವೆಜ್ ಮಾತ್ರವಂತೆ. ನೀವೇನು ಹೇಳುತ್ತೀರಿ?

ಉಪ್ಪಳದವಳು
ಎಲ್ಲರಿಗೂ ನಮಸ್ಕಾರ. ನಮ್ಮ ಕಂಪೆನಿಯ ಹೆಡ್ ಆಫೀಸ್ ದೂರದ ಊರಿನಲ್ಲಿದೆ. ಕಾಸರಗೋಡಿನ ಬ್ರಾಂಚಿನಲ್ಲಿ ನಾವು ಅರುವತ್ತರಷ್ಟು ಜನ. ಮೊನ್ನೆ ಹೆಡ್ ಆಫೀಸಿನಿಂದ ಒಂದು ಮೇಲ್ ಬಂತು. ಇನ್ನು ಮುಂದೆ ಕಂಪೆನಿ ಖರ್ಚಿನಲ್ಲಿ ನಡೆಯುವ ಯಾವ ಊಟದಲ್ಲೂ ಮೀನು, ಮಾಂಸ, ಮೊಟ್ಟೆ ಇರಬಾರದಂತೆ. ಟ್ರೈನಿಂಗ್, ವಾರ್ಷಿಕೋತ್ಸವ, ಯಾರಾದರೂ ರಿಟೈರ್ ಆಗುವಾಗಿನ ಊಟ, ಎಲ್ಲದಕ್ಕೂ ಇದೇ ನಿಯಮ. ಕಾರಣ ಪರಿಸರ ಅಂತ ಬರೆದಿದ್ದಾರೆ. ಮನೆಯಿಂದ ಬುತ್ತಿಯಲ್ಲಿ ಏನು ಬೇಕಾದರೂ ತರಬಹುದು, ಅದಕ್ಕೆ ಅಡ್ಡಿ ಇಲ್ಲ.

ನಾನು ಮೀನು ತಿನ್ನುವವಳು. ಒಂದು ಹೊತ್ತು ವೆಜ್ ಊಟ ಮಾಡಿದರೆ ನನಗೇನೂ ಆಗುವುದಿಲ್ಲ. ಆದರೂ ಆ ಮೇಲ್ ಓದಿದ ಮೇಲೆ ಮನಸ್ಸಿಗೆ ಕಿರಿಕಿರಿಯಾಗಿದೆ. ನಮ್ಮನ್ನು ಒಂದು ಮಾತು ಕೇಳಬಹುದಿತ್ತು ಅಲ್ವಾ? ಡಿಸೆಂಬರಿನಲ್ಲಿ ವಾರ್ಷಿಕೋತ್ಸವ ಇದೆ. ಬ್ರಾಂಚಿನ ಪರವಾಗಿ ಉತ್ತರ ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ. ಒಪ್ಪಿಕೊಳ್ಳುವುದಾ, ಬೇಡ ಅನ್ನುವುದಾ, ನಡುವೆ ಬೇರೆ ದಾರಿ ಇದೆಯಾ? ಮನಸ್ಸಿನಲ್ಲಿ ಇರುವುದನ್ನೇ ಬರೆಯಿರಿ.

ಕಡಲಕರೆ
ತಂಗೀ, ಒಪ್ಪಿಕೊಳ್ಳಬೇಡ. ಪರಿಸರ ಅಂತ ಹೇಳಿ ಮೊದಲು ಮೀನಿಗೆ ಕೈ ಹಾಕುತ್ತಾರಲ್ಲ, ಅದು ನನಗೆ ಅರ್ಥವಾಗುವುದಿಲ್ಲ. ನಮ್ಮದು ದೋಣಿಯ ಕುಟುಂಬ. ಬೂತಾಯಿ ಮೀನಿಗೆ ಯಾರೂ ಮೇವು ಹಾಕುವುದಿಲ್ಲ, ನೀರು ಕಟ್ಟುವುದಿಲ್ಲ, ಗೊಬ್ಬರ ಹಾಕುವುದಿಲ್ಲ. ಬೆಳಿಗ್ಗೆ ಬಲೆಗೆ ಬಿದ್ದದ್ದು ಮಧ್ಯಾಹ್ನ ಕಾಸರಗೋಡಿನಲ್ಲಿ ಗಸಿ ಆಗಿರುತ್ತದೆ. ಅದನ್ನು ಬಿಟ್ಟು ಎಲ್ಲಿಂದಲೋ ಐಸಿನಲ್ಲಿ ಬಂದ ಪನೀರ್ ತಿಂದರೆ ಪರಿಸರ ಉಳಿಯುತ್ತದಾ? ನಿಯಮ ಮಾಡಿದವರು ನಮ್ಮ ಕಡಪ್ಪುರಕ್ಕೆ, ಈ ಕಡಲ ತಡಿಗೆ, ಒಂದು ಸಲ ಬಂದು ನೋಡಲಿ.

ನೀರ್ಚಾಲು ತೋಟ
ನಾನು ಹುಟ್ಟಿನಿಂದ ಸಸ್ಯಾಹಾರಿ. ಮೀನು ತಿನ್ನುವವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ, ನನ್ನ ಹತ್ತಿರದ ಗೆಳೆಯರೆಲ್ಲ ತಿನ್ನುವವರೇ. ಆದರೆ ಆಫೀಸಿನ ಬಫೆಯಲ್ಲಿ ನಮ್ಮ ಪರಿಸ್ಥಿತಿ ಏನು ಅಂತ ಸ್ವಲ್ಪ ಕೇಳಿ. ಉದ್ದದ ಮೇಜು. ಒಂದೇ ಸಾಲಿನಲ್ಲಿ ಎಲ್ಲ ಪಾತ್ರೆ. ಕೋಳಿ ಸುಕ್ಕ, ಅದರ ಪಕ್ಕದಲ್ಲೇ ವೆಜ್ ಕುರ್ಮ. ಬಡಿಸುವ ಹುಡುಗ ಸುಕ್ಕದಲ್ಲಿ ಅದ್ದಿದ ಸೌಟನ್ನೇ ಎತ್ತಿ ಕುರ್ಮಕ್ಕೆ ಹಾಕುತ್ತಾನೆ, ಕುರ್ಮದ ಮೇಲೆ ಕೆಂಪು ಎಣ್ಣೆ ತೇಲುತ್ತದೆ. ಕೇಳಿದರೆ "ಏನೂ ಆಗಲ್ಲ ಭಟ್ರೇ" ಅನ್ನುತ್ತಾನೆ. ಆಮೇಲೆ ನಾನು ಅನ್ನ, ಮೊಸರು, ಉಪ್ಪಿನಕಾಯಿ ತಿಂದು ಏಳುತ್ತೇನೆ. ಎಷ್ಟೋ ಕಡೆ ನಮಗೆ ಅಂತ ಇಟ್ಟ ಪಲ್ಯವನ್ನೂ ಚಿಕನ್ ತೆಗೆದುಕೊಂಡವರೇ ಮೊದಲು ಖಾಲಿ ಮಾಡಿರುತ್ತಾರೆ.

ವೆಜ್ ಮಾತ್ರ ಇದ್ದರೆ ಈ ರಗಳೆ ಯಾವುದೂ ಇಲ್ಲ. ಎಲ್ಲರೂ ತಿನ್ನಬಹುದಾದ ಊಟ ಅದೊಂದೇ. ಬಾಳೆಲೆ ಹಾಕಿ, ಕುಚ್ಚಿಲಕ್ಕಿ ಅನ್ನ, ಗುಜ್ಜೆ ಪಲ್ಯ, ಅಲಸಂಡೆ, ಸೌತೆಕಾಯಿ ಕೊದಿಲು, ಮೇಲಾರ, ಒಂದು ಪಾಯಸ. ಇದು ಬೇಡ ಅನ್ನುವವರು ನಮ್ಮ ಊರಿನಲ್ಲಿ ಯಾರಿದ್ದಾರೆ?

ಚೆರ್ಕಳ ಮಾಷ್ಟ್ರು
ನೀರ್ಚಾಲಿನ ಅಣ್ಣ ಹೇಳಿದ ಸೌಟಿನ ಕಥೆ ನಮಗೂ ಇದೆ, ಸ್ವಲ್ಪ ಬೇರೆ ರೀತಿಯಲ್ಲಿ. ಹಲಾಲ್ ಹೌದಾ ಅಲ್ಲವಾ ಅಂತ ಗೊತ್ತಿಲ್ಲದ ಕಡೆ ನಾನು ಕೂಡ ವೆಜ್ ಸಾಲಿಗೇ ಹೋಗುತ್ತೇನೆ. ಆ ಲೆಕ್ಕದಲ್ಲಿ ವೆಜ್ ಊಟ ನನಗೆ ಅನುಕೂಲವೇ. ತಕರಾರಿಲ್ಲದೆ ಕೂತು ಉಣ್ಣಬಹುದು.

ನನ್ನ ಚಿಂತೆ ಬೇರೆ. ಒಂದು ಕಡೆ ಇವತ್ತು "ಪರಿಸರ" ಅಂತ ಬರೆಯುತ್ತಾರೆ, ನಾಳೆ ಅದೇ ನಿಯಮ "ಶುದ್ಧ" ಅಂತ ಆಗುತ್ತದೆ. ಆಮೇಲೆ ಬುತ್ತಿಗೂ ಬರುತ್ತದೆ. ಬೀಫ್ ತಂದವನು ಹೊರಗೆ ಕೂತು ತಿನ್ನು, ಮೀನಿನ ವಾಸನೆ ಬರುತ್ತದೆ, ಮೈಕ್ರೋವೇವಿನಲ್ಲಿ ಬಿಸಿ ಮಾಡಬೇಡ. ಐಐಟಿ ಬಾಂಬೆಯಲ್ಲಿ 2023ರಲ್ಲಿ ಮೆಸ್ಸಿನ ಕೆಲವು ಮೇಜುಗಳನ್ನು ಸಸ್ಯಾಹಾರಿಗಳಿಗೆ ಮಾತ್ರ ಅಂತ ಮಾಡಿದ್ದರು. ಅದನ್ನು ವಿರೋಧಿಸಿ ಆ ಮೇಜಿನಲ್ಲಿ ಕೂತು ಮಾಂಸ ತಿಂದ ವಿದ್ಯಾರ್ಥಿಗೆ 10,000 ರೂಪಾಯಿ ದಂಡ ಹಾಕಿದ್ದು ಪೇಪರಿನಲ್ಲಿ ಬಂದಿತ್ತು. ಮೇಜು ಬೇರೆ ಮಾಡುವುದು ಬೇರೆ, ಮನುಷ್ಯನನ್ನು ಬೇರೆ ಮಾಡುವುದು ಬೇರೆ. ಒಂದರಿಂದ ಇನ್ನೊಂದಕ್ಕೆ ಜಾಸ್ತಿ ದೂರ ಇಲ್ಲ ಅನ್ನುವುದೇ ನನ್ನ ಹೆದರಿಕೆ.

ಮುಳ್ಳೇರಿಯ ಟು ಬೆಂಗಳೂರು
ನಾನು ಬೆಂಗಳೂರಿನಲ್ಲಿ ಎಚ್‌ಆರ್ ವಿಭಾಗದಲ್ಲಿದ್ದೇನೆ, ಆದ್ದರಿಂದ ಕಂಪೆನಿಯ ಕಡೆಯಿಂದ ಎರಡು ಮಾತು. ಇದು ಹೊಸ ವಿಷಯ ಅಲ್ಲ. ಅಮೆರಿಕದ ವೀವರ್ಕ್ ಕಂಪೆನಿ 2018ರ ಜುಲೈಯಲ್ಲಿ ಇದೇ ಕೆಲಸ ಮಾಡಿತು. ಆಗ ಅಲ್ಲಿ ಸುಮಾರು 6,000 ಜನ ಕೆಲಸಕ್ಕಿದ್ದರು. ಕಾರ್ಯಕ್ರಮಗಳಲ್ಲಿ ಮಾಂಸ ಬಡಿಸುವುದಿಲ್ಲ ಅಂದರು. ಅಷ್ಟೇ ಅಲ್ಲ, ಕೆಲಸದ ಮೇಲೆ ಹೊರಗೆ ಹೋದವರು ಮಾಂಸದೂಟ ಮಾಡಿದರೆ ಆ ಬಿಲ್ಲಿನ ದುಡ್ಡನ್ನೂ ಕೊಡುವುದಿಲ್ಲ ಅಂದರು. ಅವರು ಕೊಟ್ಟ ಕಾರಣವೂ ಪರಿಸರವೇ. ಯಾರ ಮನೆಯ ಅಡಿಗೆಗೂ ಅವರು ಕೈ ಹಾಕಲಿಲ್ಲ.

ದುಡ್ಡು ಕಂಪೆನಿಯದ್ದು. ವರ್ಷಕ್ಕೆ ನಾಲ್ಕೈದು ಊಟ. ಅದರಲ್ಲಿ ಏನಿರಬೇಕು ಅಂತ ತೀರ್ಮಾನಿಸುವ ಹಕ್ಕು ಅವರಿಗಿದೆ. ಡ್ರಿಂಕ್ಸ್ ಕೊಡುವುದಿಲ್ಲ ಅಂದಾಗ ಯಾರೂ ಜಗಳಕ್ಕೆ ಹೋಗುವುದಿಲ್ಲ ಅಲ್ವಾ? ಒಂದೊಂದು ಬ್ರಾಂಚಿಗೆ ಒಂದೊಂದು ನಿಯಮ ಮಾಡಿದರೆ ನಮ್ಮಂಥವರಿಗೆ ಮೇಲ್‌ಗಳಿಗೆ ಉತ್ತರ ಕೊಡುವುದೇ ಕೆಲಸವಾಗುತ್ತದೆ.

ಕಡಲಕರೆ
ವೀವರ್ಕ್ ಪಟ್ಟಿಯಲ್ಲಿ ಇದ್ದದ್ದು ಕೆಂಪು ಮಾಂಸ, ಹಂದಿ, ಕೋಳಿ. ಮೀನನ್ನು ಅವರು ಸೇರಿಸಿರಲಿಲ್ಲ ಅಣ್ಣ. ಅಮೆರಿಕದವರೇ ಬೇಡ ಅನ್ನದ ಮೀನನ್ನು ಕಡಲಿನ ಬದಿಯಲ್ಲಿ ಕೂತ ನಾವು ಯಾಕೆ ಬಿಡಬೇಕು?

ಪೆರಿಯದ ವಿದ್ಯಾರ್ಥಿ
ಲೆಕ್ಕ ಏನು ಹೇಳುತ್ತದೆ ಅಂತ ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಮನುಷ್ಯರಿಂದ ಆಗುವ ಹಸಿರುಮನೆ ಅನಿಲಗಳಲ್ಲಿ 14.5% ಪಶುಸಂಗೋಪನೆಯಿಂದ ಬರುತ್ತದೆ. ಅದೇ ಸಂಸ್ಥೆ 2023ರಲ್ಲಿ ಹೊಸದಾಗಿ ಲೆಕ್ಕ ಹಾಕಿದಾಗ 12% ಬಂತು. ಸಣ್ಣ ಪಾಲು ಖಂಡಿತ ಅಲ್ಲ. ಹಾಗಾಗಿ ನಿಮ್ಮ ಹೆಡ್ ಆಫೀಸಿನವರು ಕೊಟ್ಟ ಕಾರಣ ಸುಳ್ಳಲ್ಲ.

ಆದರೆ ಎಲ್ಲ ಮಾಂಸವೂ ಒಂದೇ ಅಲ್ಲ. 2018ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪೂರ್ ಮತ್ತು ನೆಮೆಚೆಕ್ ಎಂಬ ಇಬ್ಬರು ದೊಡ್ಡ ಅಧ್ಯಯನ ಪ್ರಕಟಿಸಿದರು. ಜಗತ್ತಿನ ಸರಾಸರಿ ತೆಗೆದುಕೊಂಡರೆ, 100 ಗ್ರಾಂ ಪ್ರೋಟೀನ್ ಸಿಗಲು ಮಾಂಸಕ್ಕೆಂದೇ ಸಾಕಿದ ದನದಿಂದ 50 ಕೆ.ಜಿ.ಯಷ್ಟು ಹಸಿರುಮನೆ ಅನಿಲ ಹೊರಬೀಳುತ್ತದೆ. ಕುರಿ, ಆಡಿನದ್ದು 20. ಚೀಸ್ 11. ಸಾಕಿದ ಮೀನು 6. ಕೋಳಿ 5.7. ಮೊಟ್ಟೆ 4.2. ಬಟಾಣಿ 0.4. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ಮೀಥೇನ್ ಹುಟ್ಟುತ್ತದೆ, ಅದಕ್ಕೇ ದನ, ಕುರಿಯ ಅಂಕಿ ಇಷ್ಟು ಮೇಲೆ. ಕೋಳಿಗೆ ಆ ಸಮಸ್ಯೆ ಇಲ್ಲ.

ಚೀಸಿನ ಸಾಲನ್ನು ಇನ್ನೊಂದು ಸಲ ನೋಡಿ. ಕೋಳಿಯ ಹತ್ತಿರಹತ್ತಿರ ಎರಡು ಪಟ್ಟು. ಪನೀರ್ ಆ ಪಟ್ಟಿಯಲ್ಲಿ ಇಲ್ಲ, ಆದರೆ ಅದೂ ಹಾಲಿನದ್ದೇ. ಒಂದು ಕೆ.ಜಿ. ಪನೀರಿಗೆ ಐದಾರು ಲೀಟರ್ ಹಾಲು ಬೇಕು. ಈಗ ವೆಜ್ ಬಫೆ ಅಂದರೆ ಏನು? ಪನೀರ್ ಬಟರ್ ಮಸಾಲ, ಪನೀರ್ ಟಿಕ್ಕ, ಮೇಲೆ ಐಸ್‌ಕ್ರೀಮ್. ಕೋಳಿ ತೆಗೆದು ಆ ಜಾಗಕ್ಕೆ ಪನೀರ್ ಇಟ್ಟರೆ ಪರಿಸರಕ್ಕೆ ಲಾಭ ಆಯಿತು ಅಂತ ಧೈರ್ಯವಾಗಿ ಹೇಳಲು ಆಗುವುದಿಲ್ಲ. ಕಡ್ಲೆ, ಹೆಸರು, ಅಲಸಂಡೆ ಇಟ್ಟರೆ ಮಾತ್ರ ಆ ಮಾತಿಗೆ ಅರ್ಥ ಇದೆ. ನೀರ್ಚಾಲಿನ ಅಣ್ಣ ಬರೆದ ಊಟದಲ್ಲಿ ಒಂದು ತುಂಡು ಪನೀರೂ ಇಲ್ಲ. ಪರಿಸರ ಅಂತ ನಿಜವಾಗಿ ಹೊರಡುವವರು ಆ ಊಟದಿಂದಲೇ ಶುರುಮಾಡಬೇಕು.

ನೀರ್ಚಾಲು ತೋಟ
ಅಧ್ಯಯನದ ಬಗ್ಗೆ ವಾದ ಮಾಡುವಷ್ಟು ನಾನು ಓದಿದವನಲ್ಲ. ಆದರೆ ಜಗತ್ತಿನ ಸರಾಸರಿಯನ್ನು ತಂದು ನಮ್ಮ ಹಟ್ಟಿಗೆ ಹಾಕಬೇಡಿ ತಮ್ಮಾ. ನಮ್ಮಲ್ಲಿರುವುದು ಕಾಸರಗೋಡಿನ ಗಿಡ್ಡ ದನ. ತೋಟದ ಹುಲ್ಲು, ಸೊಪ್ಪು ತಿಂದು ಬದುಕುತ್ತದೆ, ಅದರ ಗೊಬ್ಬರ ಅಡಿಕೆಗೆ ಹೋಗುತ್ತದೆ. ಪನೀರ್ ಕಾರ್ಖಾನೆಗೆ ಹಾಲು ಕೊಡುವ ದನ ಬೇರೆಯೇ. ಪನೀರ್ ಬೇಡ ಅನ್ನುವುದಕ್ಕೆ ನನ್ನ ಒಪ್ಪಿಗೆ ಇದೆ. ಅದು ನಮ್ಮ ಊರಿನ ಅಡಿಗೆಯೂ ಅಲ್ಲ.

ಕಡಲಕರೆ
ವಿದ್ಯಾರ್ಥಿ ತಮ್ಮಾ, ಸಾಕಿದ ಮೀನಿನ ಲೆಕ್ಕ ಕೊಟ್ಟೆ. ಕಡಲಿನ ಬೂತಾಯಿಯ ಲೆಕ್ಕ ಎಲ್ಲಿ?

ಪೆರಿಯದ ವಿದ್ಯಾರ್ಥಿ
ದಡದ ಹತ್ತಿರ ಹಿಂಡಾಗಿ ಬರುವ ಸಣ್ಣ ಮೀನಿಗೆ ಖರ್ಚಾಗುವ ಇಂಧನ ಕಡಿಮೆ, ಹಾಗಾಗಿ ಅದರ ಇಂಗಾಲದ ಅಂಕಿ ಕೋಳಿಗಿಂತಲೂ ಕೆಳಗೆ ಇರುತ್ತದೆ. ನಿಮ್ಮ ಮಾತು ಸರಿ ಅಣ್ಣ. ಆದರೆ ಕಡಲೂ ಬರಿದಾಗುತ್ತದೆ. ಕೊಚ್ಚಿಯ ಕಡಲ ಮೀನುಗಾರಿಕಾ ಸಂಶೋಧನಾ ಕೇಂದ್ರದ ಲೆಕ್ಕದಲ್ಲಿ 2012ರಲ್ಲಿ ಕೇರಳಕ್ಕೆ ಸಿಕ್ಕ ಬೂತಾಯಿ ನಾಲ್ಕು ಲಕ್ಷ ಟನ್‌ಗೆ ಹತ್ತಿರ. 2021ರಲ್ಲಿ ಬರೀ 3,297 ಟನ್.

ಕಡಲಕರೆ
ಆ ವರ್ಷ ನಮಗೆ ನೆನಪಿದೆ. ದೋಣಿ ಇಳಿಸಿದರೆ ಡೀಸೆಲಿನ ದುಡ್ಡೂ ಹುಟ್ಟುತ್ತಿರಲಿಲ್ಲ. ಮರಿ ಮೀನು ಹಿಡಿಯಬಾರದು ಅಂತ ಮೊದಲು ಬೊಬ್ಬೆ ಹಾಕಿದ್ದೂ ಸಣ್ಣ ದೋಣಿಯವರೇ. ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ ನಿಷೇಧ, ಅಂದರೆ ದೊಡ್ಡ ಯಂತ್ರದ ದೋಣಿಗಳು ಬಲೆ ಎಳೆಯಬಾರದು ಅನ್ನುವ ನಿಯಮ ಇದೆಯಲ್ಲ, ಅದನ್ನು ಕಡಲಿನ ಜನ ಪಾಲಿಸುತ್ತಾರೆ. ನೀವು ಆಫೀಸಿನವರು ಆ ದಿನಗಳಲ್ಲಿ ಮೀನು ಬೇಡ ಅನ್ನಿ, ದೂರದಿಂದ ಐಸ್ ಹಾಕಿ ಬರುವ ಮೀನು ಬೇಡ ಅನ್ನಿ, ನಾನು ಕೈ ಎತ್ತಿ ಒಪ್ಪುತ್ತೇನೆ. ಯಾಕೆ ಅಂತ ಗೊತ್ತಿರುವ ನಿಯಮ ಪಾಲಿಸಲು ಕಷ್ಟ ಇಲ್ಲ.

ತಲಪಾಡಿ ದಾಟುವವ
ನಾನು ದಿನಾ ಮಂಜೇಶ್ವರದಿಂದ ಮಂಗಳೂರಿಗೆ ಹೋಗಿಬರುವವನು. ಗಡಿಯ ಎರಡೂ ಕಡೆ ಊಟದ ಜಗಳ ನೋಡಿದ್ದೇವೆ. ಕೇರಳದಲ್ಲಿ 2023ರ ಜನವರಿಯಲ್ಲಿ ಕೋಝಿಕ್ಕೋಡಿನ ಶಾಲಾ ಕಲೋತ್ಸವ ನೆನಪಿದೆಯಾ? ವರ್ಷಗಟ್ಟಲೆ ಪಳಯಿಡಂ ಮೋಹನನ್ ನಂಬೂದಿರಿಯವರ ಸಸ್ಯಾಹಾರಿ ಊಟ ನಡೆಯುತ್ತಿತ್ತು. ಆ ವರ್ಷ, ಮಾಂಸಾಹಾರ ಯಾಕಿಲ್ಲ ಅಂತ ದೊಡ್ಡ ಗಲಾಟೆ ಆಯಿತು. ಮುಂದಿನ ವರ್ಷದಿಂದ ಕೊಡುತ್ತೇವೆ ಅಂತ ಶಿಕ್ಷಣ ಮಂತ್ರಿ ಶಿವನ್‌ಕುಟ್ಟಿ ಹೇಳಿದರು. ಬೇಸತ್ತ ಅಡಿಗೆಯವರು ಇನ್ನು ಕಲೋತ್ಸವಕ್ಕೆ ಬರುವುದಿಲ್ಲ ಅಂದರು. ಕೊನೆಗೆ 2024ರಲ್ಲಿ ಕೊಲ್ಲಂನಲ್ಲಿ ಅವರೇ ಬಂದರು, ಊಟವೂ ವೆಜ್ ಆಗಿಯೇ ಉಳಿಯಿತು.

ಕರ್ನಾಟಕದಲ್ಲಿ 2024ರ ಡಿಸೆಂಬರಿನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನ. ಬಾಡೂಟ ಬೇಕು ಅಂತ ಅಲ್ಲಿನ ಜನ ಪಟ್ಟು ಹಿಡಿದರು. ಕೊನೆಯ ದಿನ ಊಟದ ಜೊತೆ ಮೊಟ್ಟೆ ಬಂತು.

ಇವೆರಡನ್ನೂ ನೋಡಿ ನನಗೆ ಅನ್ನಿಸಿದ್ದು ಇಷ್ಟು. ಲಕ್ಷಗಟ್ಟಲೆ ಜನ ಬರುವ ಕಡೆ ಎಲ್ಲರನ್ನೂ ಕೇಳಲು ಆಗುವುದಿಲ್ಲ, ಅಲ್ಲಿ ವೆಜ್ ಇಟ್ಟರೆ ಅದಕ್ಕೆ ಒಂದು ಕಾರಣ ಇದೆ. ಅರುವತ್ತು ಜನರ ಆಫೀಸಿನಲ್ಲಿ ಕೇಳಲು ಏನು ತೊಂದರೆ? ಹೆಸರು, ಮುಖ ಎಲ್ಲ ಗೊತ್ತು. ಕೇಳದೇ ಇರುವುದೇ ಇಲ್ಲಿ ತಪ್ಪು. ಕೇರಳದಲ್ಲಿ ನೂರಕ್ಕೆ ತೊಂಬತ್ತಾರು, ತೊಂಬತ್ತೇಳು ಜನ ಮೀನು, ಮಾಂಸ ತಿನ್ನುವವರು ಅಂತ ಸರಕಾರದ ಸಮೀಕ್ಷೆಯಲ್ಲೇ 2014ರಲ್ಲಿ ಬಂದಿತ್ತು. ಓಣಂ ಊಟಕ್ಕೂ ಕೋಳಿ ಮಾಡುವ ಮನೆಗಳು ನಮ್ಮ ಉತ್ತರ ಮಲಬಾರಿನಲ್ಲಿ ಎಷ್ಟೋ ಇವೆ. ಅಂಥ ಊರಿಗೆ ಬೇರೆ ಊರಿನಲ್ಲಿ ಕೂತು ಬರೆದ ನಿಯಮ ಇದು.

ಅಡ್ಮಿನ್
ಜಾತಿ, ಧರ್ಮ ಹಿಡಿದು ಬೈದ ಎರಡು ಕಮೆಂಟ್ ತೆಗೆದಿದ್ದೇನೆ. ಊಟದ ಬಗ್ಗೆ ಬರೆಯಿರಿ, ಊಟ ಮಾಡುವವರ ಹುಟ್ಟಿನ ಬಗ್ಗೆ ಬೇಡ.

ಮುಳ್ಳೇರಿಯ ಟು ಬೆಂಗಳೂರು
ಕೇಳಬೇಕಿತ್ತು ಅನ್ನುವುದು ಸರಿ, ಅದನ್ನು ಒಪ್ಪುತ್ತೇನೆ. ಆದರೆ ವೋಟ್ ಹಾಕಿದರೆ ಅರುವತ್ತರಲ್ಲಿ ಐವತ್ತು ಜನ ಚಿಕನ್ ಅನ್ನುತ್ತಾರೆ. ಆಗ ಉಳಿದ ಹತ್ತು ಜನ ಮತ್ತೆ ಅನ್ನ, ಮೊಸರು. ಬಹುಮತ ಕೇಳಿ ಊಟ ಮಾಡಿಸಲು ಆಗುವುದಿಲ್ಲ.

ಕ್ಯಾಟರಿಂಗ್ ಬದಿಯಡ್ಕ
ನಾನು ಮಾತಾಡಲೇಬೇಕು, ಯಾಕೆಂದರೆ ಸೌಟು ಹಿಡಿಯುವವರು ನಾವು. ಮದುವೆ, ಗೃಹಪ್ರವೇಶ, ಆಫೀಸಿನ ಪಾರ್ಟಿ ಎಲ್ಲ ಮಾಡುತ್ತೇವೆ.

ವೋಟ್ ಬೇಡ, ಲೆಕ್ಕ ಸಾಕು. ಎಷ್ಟು ಜನ ವೆಜ್, ಎಷ್ಟು ಜನ ಚಿಕನ್, ಯಾರಿಗೆ ಹಲಾಲ್ ಬೇಕು, ಬೆಳ್ಳುಳ್ಳಿ ತಿನ್ನದವರು ಎಷ್ಟು. ಮೂರು ದಿನ ಮೊದಲು ಇಷ್ಟು ಕೊಟ್ಟರೆ ನಮಗೆ ಏನೂ ಕಷ್ಟ ಇಲ್ಲ. ಜನ ಲೆಕ್ಕ ಕೊಡುವುದಿಲ್ಲ, ಅದೇ ಸಮಸ್ಯೆ. "ನೂರು ಜನ, ಅಂದಾಜಿಗೆ ಮಾಡಿ" ಅನ್ನುತ್ತಾರೆ. ಒಂದು ಕೆ.ಜಿ. ಅಕ್ಕಿಯ ಬಿರಿಯಾನಿ ಎಂಟು, ಹತ್ತು ಜನಕ್ಕೆ ಆಗುತ್ತದೆ. ಕಡಿಮೆ ಬಿದ್ದರೆ ಮರ್ಯಾದೆ ಹೋಗುತ್ತದೆ ಅಂತ ನಾವು ಹೆಚ್ಚು ಹಾಕುತ್ತೇವೆ. ಕೊನೆಗೆ ಅರ್ಧ ಹಂಡೆ ಬಿರಿಯಾನಿ ಗುಂಡಿಗೆ. ನನಗೆ ನಿದ್ದೆ ಕೆಡಿಸುವುದು ಅದು. ಕೋಳಿ ಸತ್ತದ್ದೂ ದಂಡ, ಅಕ್ಕಿ ಬೆಳೆದದ್ದೂ ದಂಡ.

ಮೇಜಿನ ವಿಷಯ. ಎರಡು ಮೇಜು ಬೇರೆ ಬೇರೆ ಗೋಡೆಗೆ ಹಾಕಬೇಕು, ಒಂದೇ ಸಾಲಿನಲ್ಲಿ ಅಲ್ಲ. ಬಡಿಸುವ ಹುಡುಗರು ಬೇರೆ, ಸೌಟು ಬೇರೆ, ಒಲೆ ಬೇರೆ. ವೆಜ್ ಮೇಜು ಬಾಗಿಲಿನ ಹತ್ತಿರ ಇರಲಿ, ಎಲ್ಲರೂ ಮೊದಲು ಅಲ್ಲಿಗೇ ಬರಲಿ. ಚಿಕನ್ ಒಂದೇ ಐಟಂ ಸಾಕು, ಅದು ಒಳಗಿನ ಮೂಲೆಯಲ್ಲಿ. ನೀರ್ಚಾಲಿನ ಭಟ್ರೇ, ನಿಮ್ಮ ಕುರ್ಮದಲ್ಲಿ ಕೆಂಪೆಣ್ಣೆ ತೇಲಿದ್ದು ಬಡಿಸುವವನ ತಪ್ಪು, ಅದಕ್ಕೆ ನೀವು ಸಿಟ್ಟಾಗುವುದು ಸರಿಯೇ.

ಪೆರಿಯದ ವಿದ್ಯಾರ್ಥಿ
ವೆಜ್ ಹೆಚ್ಚು ಇಟ್ಟು ಚಿಕನ್ ಒಂದೇ ಐಟಂ ಸಾಕು ಅಂತ ಕ್ಯಾಟರಿಂಗ್ ಅಣ್ಣ ಹೇಳಿದ ಉಪಾಯಕ್ಕೆ ಪುರಾವೆ ಇದೆ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕ್ಯಾಂಟೀನ್‌ಗಳಲ್ಲಿ ನಡೆದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ನಾಲ್ಕು ಐಟಂಗಳಲ್ಲಿ ಒಂದು ವೆಜ್ ಇದ್ದದ್ದನ್ನು ಎರಡು ಮಾಡಿದರು, ಅಷ್ಟೇ. ಯಾವುದನ್ನೂ ನಿಷೇಧಿಸಲಿಲ್ಲ. ವೆಜ್ ಊಟದ ಮಾರಾಟ 40ರಿಂದ 80 ಶೇಕಡದವರೆಗೆ ಏರಿತು. ಅದೇ ವಿಶ್ವವಿದ್ಯಾಲಯ 2016ರಿಂದ ದನ ಮತ್ತು ಕುರಿಯ ಮಾಂಸವನ್ನು, ಅತಿಯಾಗಿ ಹಿಡಿದು ಬರಿದಾಗುತ್ತಿರುವ ಮೀನನ್ನು ಬಿಟ್ಟಿತು. ಕೋಳಿ, ಉಳಿದ ಮೀನು ಇಟ್ಟುಕೊಂಡಿತು. ಒಂದು ಕೆ.ಜಿ. ಆಹಾರದ ಲೆಕ್ಕದಲ್ಲಿ ಇಂಗಾಲ ಮೂರನೇ ಒಂದು ಪಾಲು ಇಳಿಯಿತು. ಡೆನ್ಮಾರ್ಕಿನಲ್ಲಿ ಇನ್ನೊಂದು ಪ್ರಯೋಗ ಮಾಡಿದರು. ಸಮ್ಮೇಳನಕ್ಕೆ ಬರುವವರಿಗೆ ಮೊದಲೇ ವೆಜ್ ಅಂತ ಬರೆದಿಟ್ಟು, ಮಾಂಸ ಬೇಕಾದವರು ತಿಳಿಸಿ ಅಂದರು. ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಜನ ವೆಜ್‌ನಲ್ಲೇ ಉಳಿದರು.

ಇನ್ನು, ಗುಂಡಿಗೆ ಹೋಗುವ ಊಟ. 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ಹಾಳಾಯಿತು ಅಂತ ವಿಶ್ವಸಂಸ್ಥೆಯ ಪರಿಸರ ವಿಭಾಗದ ವರದಿಯಲ್ಲಿದೆ. ನಿಮ್ಮ ಹೆಡ್ ಆಫೀಸಿನ ಮೇಲ್‌ನಲ್ಲಿ ಅದರ ಬಗ್ಗೆ ಒಂದು ಸಾಲಾದರೂ ಇತ್ತಾ?

ಉಪ್ಪಳದವಳು
ಇಲ್ಲ, ಒಂದು ಸಾಲೂ ಇರಲಿಲ್ಲ.

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಕೂತು ಉತ್ತರ ಬರೆದೆ. ಸಾರ ಇಷ್ಟು. ಪರಿಸರದ ಕಾರಣವನ್ನು ನಮ್ಮ ಬ್ರಾಂಚ್ ಗೌರವಿಸುತ್ತದೆ. ಬೀಫ್, ಮಟನ್ ನಾವೇ ಬಿಡುತ್ತೇವೆ, ಜೊತೆಗೆ ಪನೀರ್ ಕೂಡ. ಎಲೆ ಊಟ ಮುಖ್ಯ, ಊರಿನ ತರಕಾರಿ, ಊರಿನ ಅಡಿಗೆ. ಅದರ ಜೊತೆ ಮೊದಲೇ ಹೆಸರು ಕೊಟ್ಟವರಿಗೆ ಕೋಳಿ ಅಥವಾ ಮೀನು, ಒಂದೇ ಐಟಂ, ಬೇರೆ ಮೇಜಿನಲ್ಲಿ, ಹಲಾಲ್ ಕೋಳಿ ಮಾತ್ರ. ಟ್ರಾಲಿಂಗ್ ನಿಷೇಧದ ದಿನಗಳಲ್ಲಿ ಮೀನು ಇಲ್ಲ. ಹೆಸರು ಕೊಡದವರಿಗೆ ವೆಜ್. ಬುತ್ತಿಯ ಬಗ್ಗೆ ಯಾವತ್ತೂ ನಿಯಮ ಬರಬಾರದು ಅನ್ನುವುದನ್ನು ಬರವಣಿಗೆಯಲ್ಲಿ ಕೊಡಿ ಅಂತ ಕೇಳಿದ್ದೇನೆ. ಮಾಷ್ಟ್ರೇ, ಅದು ನಿಮ್ಮ ಮಾತಿನಿಂದ ಬಂದದ್ದು.

ಇಲ್ಲಿನ ನಮ್ಮ ಮ್ಯಾನೇಜರ್ ಓದಿ ಸಹಿ ಹಾಕಿದ್ದಾರೆ. ಹೆಡ್ ಆಫೀಸಿನವರು ಏನು ಹೇಳುತ್ತಾರೋ ನೋಡಬೇಕು.

ಚೆರ್ಕಳ ಮಾಷ್ಟ್ರು
ಚೆನ್ನಾಗಿದೆ ಮಗಳೇ. ಬುತ್ತಿಯ ಸಾಲನ್ನು ಮಾತ್ರ ಬಿಟ್ಟುಕೊಡಬೇಡ. ಉಳಿದದ್ದರಲ್ಲಿ ಹೆಚ್ಚು ಕಡಿಮೆ ಆದರೆ ಆಗಲಿ.

ನೀರ್ಚಾಲು ತೋಟ
ಪೂರ್ತಿ ವೆಜ್ ಆದರೇ ಒಳ್ಳೆಯದು ಅಂತ ನನಗೆ ಈಗಲೂ ಅನ್ನಿಸುತ್ತದೆ. ಒಂದೇ ಪಂಕ್ತಿಯಲ್ಲಿ ಎಲ್ಲರೂ ಕೂರಬಹುದಿತ್ತು. ಆದರೆ ಹೀಗಿದ್ದರೆ ನಾನು ನೆಮ್ಮದಿಯಲ್ಲಿ ಊಟ ಮಾಡುತ್ತೇನೆ, ಅದು ಸಣ್ಣ ವಿಷಯ ಅಲ್ಲ. ಗುಜ್ಜೆ ಡಿಸೆಂಬರಿನಲ್ಲಿ ಎಲ್ಲ ಕಡೆ ಸಿಗುವುದಿಲ್ಲ, ಈಗಲೇ ಹೇಳಿಟ್ಟುಕೊಳ್ಳಿ.

ಕಡಲಕರೆ
ಹೆಸರು ಕೊಟ್ಟವರಿಗೆ ಮಾತ್ರ ಮೀನು ಅಂದದ್ದು ನನಗೆ ಪೂರ್ತಿ ಸರಿ ಅನ್ನಿಸಿಲ್ಲ. ಕೇಳಿ ತಿನ್ನಬೇಕು ಅಂದರೆ ಏನೋ ತಪ್ಪು ಮಾಡುತ್ತಿರುವ ಹಾಗೆ. ಆದರೂ ಮೇಲಿನಿಂದ ಬಂದ ನಿಯಮಕ್ಕಿಂತ ಇದು ಎಷ್ಟೋ ಮೇಲು. ಬೂತಾಯಿ ಬೇಕಾದರೆ ನನಗೆ ಹಿಂದಿನ ದಿನ ಹೇಳಿದರೆ ಸಾಕು.

ಕ್ಯಾಟರಿಂಗ್ ಬದಿಯಡ್ಕ
ಹೆಸರಿನ ಹಾಳೆಯಲ್ಲಿ ಎಲ್ಲರೂ ಬರೆಯುವ ಹಾಗೆ ಮಾಡಿ ಅಕ್ಕ, ವೆಜ್‌ನವರೂ ಬರೆಯಲಿ. ಆಗ ಯಾರೂ ಕೇಳಿ ತಿಂದ ಹಾಗೆ ಆಗುವುದಿಲ್ಲ, ನನಗೂ ಅಕ್ಕಿಯ ಲೆಕ್ಕ ಸರಿಯಾಗಿ ಸಿಗುತ್ತದೆ. ಬೆಳ್ತಿಗೆ ಎಷ್ಟು, ಕುಚ್ಚಿಲು ಎಷ್ಟು ಅಂತಲೂ ಒಂದು ಕಾಲಂ ಹಾಕಿ.